ಹಲಗೇರಿಯ ಕುಬಸಕ್ಕೆ ಹೋದ ಹಸಿರು ಬಳೆ

ಬ್ಯಾಡಗಿ ಪೊಲೀಸ್ ಠಾಣೆ
ದಿನಾಂಕ: 17-11-2025

ನನ್ನ ಹೆಸರು ಜೈತೂನಬಿ ಗಂಡ ಮುನಾಫಸಾಬ ಬಳಿಗಾರ, ವಯಸ್ಸು 61 ವರ್ಷ, ಉದ್ಯೋಗ ಬಳೆ ವ್ಯಾಪಾರ, ಸಾಕಿನ್ ಸ್ಟೇಷನ್ ರಸ್ತೆ, ಬ್ಯಾಡಗಿ, ಜಿಲ್ಲಾ ಹಾವೇರಿ. ಈ ದಿನ ಬೆಳಿಗ್ಗೆ ನಾನು ಕೊಟ್ಟ ಕಳವಿನ ದೂರಿಗೆ ಸಂಬಂಧಿಸಿ, ಮಧ್ಯಾಹ್ನ ಇದೇ ಠಾಣೆಯಲ್ಲಿ ಕುಳಿತು ಬರೆಸುವುದೇನೆಂದರೆ:

ಕಳೆದ ಶುಕ್ರವಾರ ಸಂಜೆ ಸುಮಾರು ಐದು ಗಂಟೆಗೆ ಒಬ್ಬ ಹುಡುಗಿ ನನ್ನ ಅಂಗಡಿಗೆ ಬಂದಳು. ಅಳತೆಗೆಂದು ಹಳೆಯ ಗಾಜಿನ ಬಳೆಯೊಂದನ್ನು ಕೊಟ್ಟು, ಅದೇ ಅಳತೆಯ ಹಸಿರು ಬಳೆ ಕೇಳಿದಳು. ಯಾರಿಗೆ ಎಂದು ಕೇಳಿದ್ದಕ್ಕೆ ನನಗರಿ ಅಂದಳು. ಅವಳ ಕೈಗೆ ಆ ಅಳತೆ ದೊಡ್ಡದು. ಸುಳ್ಳು ಹೇಳುತ್ತಿದ್ದಾಳೆ ಎಂದು ಗೊತ್ತಾದರೂ ಕೆದಕದೆ ಬೆಲೆ ಹೇಳಿದೆ. ನಾನು ಬೇರೆ ಗಿರಾಕಿಗೆ ಬಳೆ ತೊಡಿಸಿ ತಿರುಗುವುದರೊಳಗೆ ಹುಡುಗಿಯೂ ಇರಲಿಲ್ಲ, ಹಸಿರು ಬಳೆಯ ಕಟ್ಟೂ ಇರಲಿಲ್ಲ. ಅಳತೆ ಬಳೆ ಮಾತ್ರ ನನ್ನ ಮುಂದೆ ಉಳಿದಿತ್ತು. ಆಗ ರಸ್ತೆಗೆಲ್ಲ ಕೇಳುವಂತೆ ನಾನು ಬೈದದ್ದು ಇಲ್ಲಿ ಬರೆಸುವಂಥದ್ದಲ್ಲ.

ಈ ದಿನ ಬೆಳಿಗ್ಗೆ ಹತ್ತು ಗಂಟೆಗೆ ಅದೇ ಹುಡುಗಿ ತಾನಾಗಿಯೇ ಬಂದು, ಅಳತೆ ಬಳೆ ಕೊಡ್ರಿ ಅಂದಳು. ಕದ್ದು ಹೋದವಳು ಮತ್ತೆ ಅಂಗಡಿಗೆ ಬಂದು ನಿಲ್ಲುವುದನ್ನು ನಾನು ಕಂಡದ್ದು ಇದೇ ಮೊದಲು. ಸಿಟ್ಟು ನೆತ್ತಿಗೇರಿ ಅವಳ ಕೈ ಹಿಡಿದೆ. ಪಕ್ಕದ ಅಂಗಡಿಯ ಪುಂಡಲೀಕ ಪೊಲೀಸರಿಗೆ ಫೋನ್ ಮಾಡಿದ. ಹುಡುಗಿ ಕೈ ಕೊಸರಿಕೊಳ್ಳಲಿಲ್ಲ. ಅದು ನಮ್ಮವ್ವನ ಬಳಿರಿ, ಅದೊಂದು ಕೊಡ್ರಿ ಎಂದಷ್ಟೇ ಹೇಳುತ್ತಿದ್ದಳು.

ಅಳತೆ ಬಳೆಯನ್ನೂ ತೆಗೆದುಕೊಂಡು ಠಾಣೆಗೆ ಬಂದು ನಾನು ದೂರು ಬರೆಸಿದೆ. ಹುಡುಗಿಯ ತಂದೆ ಡಾಕಪ್ಪ, ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವವನು, ಕೆಲಸದಿಂದ ನೇರವಾಗಿ ಬಂದ. ಅವನ ಅಂಗಿಯ ಘಾಟಿಗೆ ಠಾಣೆಯವರೆಲ್ಲ ಸೀನಿದರು. ಅವನು ಮಗಳನ್ನು ಬೈಯಲಿಲ್ಲ. ಅವಳ ಪಕ್ಕದಲ್ಲಿ ಕುಳಿತು ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

ಎ.ಎಸ್.ಐ. ಮೇಡಮ್ಮನವರು ಮಕ್ಕಳ ವಿಚಾರಣೆಗೆ ಖಾಕಿ ಬೇಡವೆಂದು ಸಾದಾ ಸೀರೆಯಲ್ಲಿ ಬಂದು ವಿಚಾರಿಸಿದಾಗ ಹುಡುಗಿ ಹೇಳಿದ್ದನ್ನು ನಾನೂ ಕೇಳಿದೆ. ಅವಳ ಹೆಸರು ಮೇಘಾ, ವಯಸ್ಸು ಹದಿನಾರು. ತಾಯಿ ಗುತ್ತೆವ್ವ ತೀರಿ ಎರಡು ವರ್ಷವಾಗಿದೆ. ಅಕ್ಕ ಭುವನಾಳನ್ನು ಹಲಗೇರಿಗೆ ಕೊಟ್ಟಿದೆ. ಅವಳಿಗೆ ಏಳು ತಿಂಗಳು, ನಿನ್ನೆ ಕುಬಸ, ಅಂದರೆ ಸೀಮಂತ. ತವರಿನ ಹಸಿರು ಸೀರೆ ತರುವುದರಲ್ಲೇ ಅಪ್ಪನ ಕೈ ಬರಿದಾಗಿತ್ತು. ಬಳೆಯೂ ತವರಿನದೇ ಆಗಬೇಕೆಂಬುದು ಅವನಿಗೆ ತಿಳಿದಿರಲಿಲ್ಲ. ಅಕ್ಕನ ಕೈ ತಾಯಿಯ ಅಳತೆಯದೇ ಆದ್ದರಿಂದ ಮೇಘಾ ತಾಯಿಯ ಬಳೆ ತಂದಿದ್ದಳು. ಕದ್ದ ಬಳೆ ಈಗ ಅಕ್ಕನ ಕೈಯಲ್ಲಿವೆ.

ನಮ್ಮ ಅತ್ತೆಯ ಕಾಲದಿಂದಲೂ ನಮ್ಮ ಅಂಗಡಿಯಲ್ಲಿ ಕುಬಸದ ಬಳೆಗೆ ಕೂಡಲೇ ದುಡ್ಡು ಹಿಡಿಯುವುದಿಲ್ಲ. ಹೆರಿಗೆಯಾದ ಮೇಲೆ ತವರಿನವರು ಒಂದು ಅಚ್ಚು ಬೆಲ್ಲದ ಜೊತೆ ತಂದುಕೊಡುತ್ತಾರೆ. ಬ್ಯಾಡಗಿಯ ತಾಯಂದಿರಿಗೆಲ್ಲ ಇದು ಗೊತ್ತು. ಈ ಹುಡುಗಿಗೆ ಹೇಳುವವರು ಇರಲಿಲ್ಲ. ಕುಬಸಕ್ಕರಿ ಅಂತ ಒಂದು ಮಾತು ಅಂದಿದ್ದರೆ ನಾನೇ ಕಟ್ಟಿಕೊಟ್ಟು ಮೇಲೊಂದು ಬಳೆ ಹೆಚ್ಚಿಗೆ ಇಡುತ್ತಿದ್ದೆ.

ಹುಡುಗಿ ಚಿಕ್ಕವಳಾದ್ದರಿಂದ ಎಫ್.ಐ.ಆರ್. ಮಾಡುವುದಿಲ್ಲ, ಲಾಕಪ್ಪಿಗೂ ಹಾಕುವುದಿಲ್ಲ, ಠಾಣೆಯ ದಿನಚರಿಯಲ್ಲಿ ಬರೆದು ಹಾವೇರಿಯ ಬಾಲ ನ್ಯಾಯ ಮಂಡಳಿಗೆ ವರದಿ ಕಳಿಸುತ್ತೇವೆ ಎಂದು ಮೇಡಮ್ಮನವರು ತಿಳಿಸಿದರು. ಆದರೆ ಕಳವಿನ ಮಾಲು ಜಪ್ತಿ ಮಾಡಲು ಹಲಗೇರಿಗೆ ಹೋಗಬೇಕಾಗುತ್ತದೆ ಎಂದು ಠಾಣೆಯ ಬರವಣಿಗೆ ನೋಡುವ ರೈಟರ್ ಹೇಳಿದರು. ಅಲ್ಲಿಯವರೆಗೆ ಅಳದಿದ್ದ ಮೇಘಾ ಆಗ ಅತ್ತಳು. ನನ್ನ ಎಲ್ಲಿಗೆ ಬೇಕಾದ್ರೂ ಕಳಸ್ರಿ, ಅಕ್ಕನ ಅತ್ತಿ ಮುಂದ ಬಳಿ ಬಿಚ್ಚಸಬ್ಯಾಡ್ರಿ ಅಂದಳು. ಡಾಕಪ್ಪ ರುಮಾಲಿನಿಂದ ಮುಖ ಮುಚ್ಚಿಕೊಂಡ.

ಆದ್ದರಿಂದ ನಾನು ಬರೆಸುವುದೇನೆಂದರೆ, ಹುಡುಗಿ ಕೇಳದೆ ಒಯ್ದದ್ದು ಖರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಹೊತ್ತಿನಿಂದ ಆ ಬಳೆಗಳನ್ನು ನಾನೇ ಭುವನಾಳ ಕುಬಸಕ್ಕೆ ಕೊಟ್ಟಿದ್ದೇನೆ. ದುಡ್ಡಿನ ಮಾತು ಹೆರಿಗೆಯಾದ ಮೇಲೆ. ಬಸುರಿಯ ಕೈಯಿಂದ ಹಸಿರು ಬಳೆ ತೆಗೆಸಿದ ಪಾಪ ನನಗೆ ಬೇಡ, ಠಾಣೆಗೂ ಬೇಡ. ಹಲಗೇರಿಗೆ ಯಾರನ್ನೂ ಕಳಿಸಬಾರದು. ಮೇಡಮ್ಮನವರು ಇದನ್ನು ಒಪ್ಪಿ, ವರದಿಯ ಜೊತೆ ನನ್ನ ಹೇಳಿಕೆಯನ್ನೂ ಹಾವೇರಿಗೆ ಕಳಿಸುವುದಾಗಿ ಹೇಳಿದರು. ಕರೆದ ದಿನ ಮೇಘಾಳ ಜೊತೆ ನಾನೂ ಹೋಗುತ್ತೇನೆ. ಅಲ್ಲಿ ನೀವು ಯಾರು ಎಂದು ಕೇಳಿದರೆ, ಇವರ ಮನೆಯ ಬಳಿಗಾರತಿ ಎಂದು ಹೇಳುತ್ತೇನೆ.

ಅಳತೆ ಬಳೆಯನ್ನಾದರೂ ಸಾಕ್ಷಿಗೆ ಹಾಜರುಪಡಿಸಿ ಎಂದು ರೈಟರ್ ಕೇಳಿದರು. ಅಷ್ಟರೊಳಗೆ ನಾನು ಅದನ್ನು ಮೇಘಾಳ ಕೈಗೆ ತೊಡಿಸಿ ಆಗಿತ್ತು. ಅಳತೆ ದೊಡ್ಡದಾಗಿ ಸಲೀಸಾಗಿ ಇಳಿಯಿತು. ನಾವು ಬಳಿಗಾರರು ತೊಡಿಸಿದ ಬಳೆಯನ್ನು ನಮ್ಮ ಕೈಯಿಂದ ತೆಗೆಯುವುದಿಲ್ಲ. ಆದ್ದರಿಂದ ಹಾಜರುಪಡಿಸಿಲ್ಲ.

ಇಷ್ಟನ್ನೂ ನನಗೆ ಓದಿ ಹೇಳಿದ್ದಾರೆ. ನಾನು ಆಡಿದ ಮಾತೇ ಇದರಲ್ಲಿದೆ, ಎಲ್ಲವೂ ಖರೆ ಇದೆ.

ಸ್ಥಳ: ಬ್ಯಾಡಗಿ
ದಿನಾಂಕ: 17-11-2025
ಸಹಿ: ಜೈತೂನಬಿ ಮು. ಬಳಿಗಾರ