ಅವಳೊಳಗಿದ್ದ ಕಣ

ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸಿಗೆ ಕಾಯುತ್ತಿದ್ದ ಶಿವರಾಮಯ್ಯನವರ ಬಾಯಲ್ಲಿದ್ದ ಪದ್ಯ, ಮುಂದೆ ನಿಂತಿದ್ದ ಅಕ್ಕ-ತಮ್ಮನ ಮಾತಿಗೆ ನಿಂತುಹೋಯಿತು.

“ಮದುವೆಯಾಗದ ನನ್ನ ಮಗಳ ಹೊಟ್ಟೆ ಕೊಯ್ದಾಗ ಕೂದ್ಲು, ಹಲ್ಲು ಸಿಕ್ಕವೆ. ಕೂಸಲ್ದೆ ಇನ್ನೇನ್ಲಾ ಅಂಜಿನಪ್ಪ?”

“ಗೆಡ್ಡೆ ಕಣಕ್ಕ. ಬಸಿರಲ್ಲಿ ಒಂದೇ ಜೀವಕಣ ಕಣ್ಣು, ಮೂಳೆ ಎಲ್ಲಾ ಆಗುತ್ತಲ್ಲ, ಅಂಥಾ ಗುಣದ ಕಣ ಒಂದು ದಾರಿ ತಪ್ಪಿದೆಯಂತೆ.”

“ನೀನು ಮೇಷ್ಟ್ರಲ್ವಾ, ಪಾಠ ಹೇಳು. ಕ್ಯಾನ್ಸರ್ರಾ?”

“ಅಲ್ವಂತೆ. ಅದೂ ನಮ್ಮದೇ ಕಣ ಹದ್ದು ಮೀರೋದೇ, ಆದ್ರೆ ಇದು ಅಲ್ಲಿಗಂಟ ಹೋಗಿಲ್ಲ ಅಂದ್ರು ಡಾಕ್ಟ್ರು.”

“ಗಂಡಿನ ಸಂಗ ಇಲ್ದೆ?”

“ಇಲ್ದೆ. ಅವಳು ನಿನ್ನ ಹೊಟ್ಟೇಲಿದ್ದಾಗ್ಲೇ ಆ ಕಣ ಅವಳೊಳಗಿತ್ತಂತೆ.”



“ಹೆತ್ತ ಸೂತಕ ಅಂತ ಮೂರು ದಿನದಿಂದ ಅವಳ್ನ ಮುಟ್ಟಿಲ್ಲ ಕಣೋ.”

ಬಸ್ಸು ಬಂತು. ಅಂಜಿನಪ್ಪ ಮೆಟ್ಟಿಲು ಹತ್ತಿ ತಿರುಗಿ ನೋಡಿದ. ಅಕ್ಕ ಆಗಲೇ ಮಗಳಿದ್ದ ಆಸ್ಪತ್ರೆಯ ದಾರಿ ಹಿಡಿದಿದ್ದಳು.