ಟ್ರೇಲರ್ ರಾಣಿ

ಬೇಕರ್ಸ್‌ಫೀಲ್ಡಿನ ಹಳೇ ಕಾರುಗಳನ್ನು ಮಾರ್ಪಡಿಸಿ ಕಟ್ಟಿದ ಹಾಟ್ ರಾಡ್‌ಗಳ ಮೇಳದಲ್ಲಿ ಕಾಫಿಗೆ ಸಾಲು ನಿಂತಿದ್ದ ಲೊರೇನ್‌ಗೆ ಮುಂದಿದ್ದ ಅಪ್ಪ ಮಗಳ ಮಾತು ಕೇಳಿಸುತ್ತಿತ್ತು.

"ನಮ್ಮ ಕಾರನ್ನ ಎಲ್ರೂ ಟ್ರೇಲರ್ ರಾಣಿ ಅಂತಿದಾರೆ ಅಪ್ಪ."

"ಅನ್ಲಿ ಬಿಡು."

"ರಸ್ತೆಗಿಳಿಯದೆ ಟ್ರೇಲರ್ ಮೇಲೇ ಕೂತು ಮೆರೆಯೋ ಕಾರಿಗೆ ಹಾಗನ್ನೋದು."

"ಗೊತ್ತಮ್ಮ. ನಾನೇ ಎಷ್ಟು ಜನರನ್ನ ಹಾಗೆ ಆಡ್ಕೊಂಡಿಲ್ಲ?"

"ಮತ್ತೆ? ಇವತ್ತು ಮನೆವರೆಗೆ ನಾನು ಓಡಿಸ್ಲಾ?"

"ಬಾಗಿಲ ಮೇಲಿನ ಬಣ್ಣದ ಗೆರೆಗಳು ನಿಮ್ಮಣ್ಣ ಕೈಯಾರೆ ಎಳೆದದ್ದು. ಒಂದು ಕಲ್ಲು ಸಿಡಿದ್ರೆ ಮುಗೀತು. ಮತ್ತೆ ಎಳೆಯೋಕೆ ಅವನೆಲ್ಲಿದಾನೆ?"

"ಅಣ್ಣ ಅದನ್ನ ಕಟ್ಟಿದ್ದೇ ಓಡಿಸೋಕೆ."

ಕಾಫಿ ಬಂದಾಗ ಅಪ್ಪ ಒಂದು ಲೋಟ ಅವಳ ಕೈಗಿತ್ತ.

"ಕಾರನ್ನ ಟ್ರೇಲರ್‌ಗೆ ಬಿಗಿದ ಪಟ್ಟಿ ಸಡಿಲ ಆದ ಹಾಗಿದೆ. ಬಾ, ಬಿಗಿ ಮಾಡೋಣ, ಆ ಕಡೆ ನೀನು ಹಿಡ್ಕೊ."

ಮಗಳು ಅವನ ಹಿಂದೆ ನಡೆದಳು.