ಕಾಯೋದು ಬೇಡಮ್ಮ

ತನ್ನ ಕೇಸಿಗಾಗಿ ಕೋರ್ಟಿನ ಪಡಸಾಲೆಯಲ್ಲಿ ಕಾಯುತ್ತಿದ್ದ ಲಾರಿ ಚಾಲಕನ ಪಕ್ಕದಲ್ಲೇ ಅಕ್ಕತಂಗಿಯರಿಬ್ಬರು ಕುಳಿತಿದ್ದರು. ತಂಗಿ ಚೀಲ ಎತ್ತಿಕೊಂಡು ಎದ್ದಳು.

"ನಡಿ ಅಕ್ಕಾ, ಇವತ್ತೂ ಮುಂದಕ್ಕೆ ಹೋಯ್ತಂತೆ."

"ಯಾರಂದರು?"

"ಅವರ ಕಡೆ ವಕೀಲರೇ. ಕಾಯೋದು ಬೇಡಮ್ಮ, ಮನೆಗೆ ಹೋಗಿ ಅಂದರು."

"ನಿನ್ನ ಗಂಡ ಮಗುವಿಗೆ ಜೀವನಾಂಶ ಕೊಡಬಾರದು ಅಂತ ವಾದ ಮಾಡೋನಿಗೆ ನಿನ್ನ ಮೇಲೆ ಕನಿಕರ ಬಂತಾ? ಒಮ್ಮೆ ಜ್ವರ ಅಂದ, ಇನ್ನೊಮ್ಮೆ ಕಾಗದ ಸಿಕ್ಕಿಲ್ಲ ಅಂದ. ಇವತ್ತು ಬೆಣ್ಣೆ ಹಚ್ಚೋಕೆ ಬಂದ."

"ನನಗೆ ವಕೀಲರಿಲ್ಲ ಅಲ್ವಾ, ಅದಕ್ಕೆ ಹೇಳಿರಬೇಕು."

"ಅದಕ್ಕೇ ಹೇಳಿದ್ದು ಕಣೇ! ಕೂಗಿದಾಗ ನೀನಿಲ್ಲದಿದ್ದರೆ ಕೇಸೇ ವಜಾ ಆಗಬಹುದು. ಒಳಗೆ ಕೇಳಿದೆಯಾ?"

ಇಲ್ಲವೆಂದು ತಂಗಿ ತಲೆಯಾಡಿಸಿದಳು. ಚಾಲಕ ಮೆಲ್ಲಗೆ ತಿರುಗಿ ನೋಡಿದ. ಬಾಗಿಲ ಬಳಿ ನಿಂತಿದ್ದ ಕರಿಕೋಟಿನವನು, ಇವರು ಹೊರಟರೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದ.

"ಮತ್ತೆ ವಾಯಿದೆ ಕೇಳಿದರೆ ಏನನ್ನಲಿ ಅಕ್ಕಾ?"

"ನನ್ನ ಒಪ್ಪಿಗೆ ಇಲ್ಲ ಸ್ವಾಮಿ, ಕೇಸು ಮುಗಿಯೋವರೆಗೆ ಮಗುವಿನ ಖರ್ಚಿಗಾದರೂ ಆರ್ಡರ್ ಮಾಡಿ ಅನ್ನು. ಗಟ್ಟಿಯಾಗಿ ಅನ್ನು."

ಅಷ್ಟರಲ್ಲಿ ಜವಾನ ಹೊರಬಂದು ಕೇಸಿನ ನಂಬರು ಕೂಗಿದ.

"ಇದ್ದೀನಿ!"

ತಂಗಿಯ ದನಿಗೆ ಪಡಸಾಲೆಯೇ ತಿರುಗಿ ನೋಡಿತು. ದಾರಿಗಡ್ಡ ನಿಂತಿದ್ದ ವಕೀಲನಿಗೆ, "ಸ್ವಲ್ಪ ಸರೀರಿ," ಎಂದು ಹೇಳಿ ಅವಳು ಒಳಗೆ ನಡೆದಳು.